ಖಾಲಿ ಮಹಡಿಗಳ ನಲ್ಲಿಯಕ್ಕ

ಬೆಳಗಿನ ಐದು ಗಂಟೆ. ಹನ್ನೊಂದನೇ ಮಹಡಿಯ ಕಟ್ಟಕಡೆಯ ಶೌಚಾಲಯದಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ನೆಲ ಮೂಸುತ್ತಿದ್ದಾರೆ. ಮೂಗಿಗೂ ನೀರು ಹೋಗುವ ಜಾಲರಿಗೂ ನಾಲ್ಕು ಬೆರಳಿನಷ್ಟು ದೂರ. ಒಮ್ಮೆ ಮೂಸಿ ತಲೆಯೆತ್ತುತ್ತಾರೆ, ಒಂದು ಗಳಿಗೆ ಯೋಚಿಸುತ್ತಾರೆ, ಮತ್ತೆ ಬಗ್ಗಿ ಮೂಸುತ್ತಾರೆ. ಮೊದಲ ಸಲ ಮೂಗು ಹೇಳಿದ್ದರ ಮೇಲೆ ಅವರಿಗೆ ಭರವಸೆಯಿಲ್ಲ. ಆಮೇಲೆ ಮಗ್ಗಿನಲ್ಲಿ ನೀರು ತುಂಬಿ ಜಾಲರಿಯೊಳಗೆ ಸುರಿದು ಕಿವಿಗೊಡುತ್ತಾರೆ. ಕೆಳಗಿನಿಂದ ‘ಗುಳುಕ್’ ಎಂದು ಸದ್ದು ಬಂದರೆ ಸರಿ. ಸದ್ದಿಲ್ಲದೆ ಇಳಿದುಹೋದರೆ ಒಳಗೇನೋ ಮಸಲತ್ತು ನಡೆದಿದೆ ಎಂದು ಲೆಕ್ಕ.

“ಸುಮ್ನೆ ಇಳಿದು ಹೋಗೋ ನೀರು ಎಲ್ಲಿ ಹೋಗುತ್ತೆ ಹೇಳಿ? ಎಲ್ಲೋ ಒಂದ್ಕಡೆ ಹೋಗ್ಲೇಬೇಕಲ್ಲ” ಎನ್ನುತ್ತಾ ಅವರು ಮುಂದಿನ ಜಾಲರಿಯ ಕಡೆ ಸರಿಯುತ್ತಾರೆ.

ಕಾವಲಿನವರು, ಸ್ವಚ್ಛತೆಯವರು, ಲಿಫ್ಟಿನವರು ಎಲ್ಲರೂ ಇವರನ್ನು ಕರೆಯುವುದು ನಲ್ಲಿಯಕ್ಕ ಎಂದು. ಊರಂಚಿನ ಈ ಬಿಸಿನೆಸ್ ಪಾರ್ಕಿನ ಗಾಜಿನ ಕಟ್ಟಡದಲ್ಲಿ ಕೆಳಗಿನ ನಾಲ್ಕು ಮಹಡಿಗಳಲ್ಲಿ ಮಾತ್ರ ಜನರಿದ್ದಾರೆ. ಮೇಲಿನ ಏಳು ಖಾಲಿ. ಅಜ್ಜಿಯರು ಹೇಳುವ ಕಥೆಯಲ್ಲಿ ಏಳನೇ ಕೋಣೆಯ ಬಾಗಿಲು ಮಾತ್ರ ತೆಗೆಯಬೇಡ ಎಂದಿರುತ್ತದೆ. ಇಲ್ಲಿ ಏಳಕ್ಕೆ ಏಳೂ ಅಂಥವೇ. ಕಾಲಿಟ್ಟರೆ ನಮ್ಮದೇ ಹೆಜ್ಜೆ ನಮ್ಮ ಹಿಂದೆ ಯಾರೋ ಬಂದಂತೆ ಕೇಳುತ್ತದೆ. ಕಿಟಕಿಯಾಚೆ ರಸ್ತೆಬದಿಯಲ್ಲಿ ಒಂದು ದೊಡ್ಡ ಫಲಕ: ‘ಜಗತ್ತಿನ ತಂತ್ರಜ್ಞಾನ ಕಂಪನಿಗಳಿಗೆ ಇಲ್ಲಿದೆ ನೆಲೆ.’ ಆ ಕಂಪನಿಗಳು ಬಂದೇ ಬಿಟ್ಟವು ಎನ್ನುವ ಸುದ್ದಿ ಆರು ವರ್ಷದಿಂದ ಬರುತ್ತಲೇ ಇದೆ.

ಕಂಪನಿಗಳನ್ನು ಕರೆತರಲು ದೊಡ್ಡವರು ದೊಡ್ಡ ಕೆಲಸ ಮಾಡುತ್ತಾರೆ. ಹೊಳೆಯುವ ಪುಸ್ತಕ ಅಚ್ಚು ಹಾಕಿಸುತ್ತಾರೆ, ವಿಮಾನ ಹತ್ತಿ ಹೋಗಿ ಮಾತಾಡಿ ಬರುತ್ತಾರೆ. ಆ ಪುಸ್ತಕದಲ್ಲಿ ಹುಲ್ಲುಹಾಸಿದೆ, ಗಾಜಿದೆ, ನಗುವ ಜನರಿದ್ದಾರೆ. ನೆಲದ ಜಾಲರಿಯ ಕೆಳಗಿನ ಬಾಗಿದ ಕೊಳವೆಯ ಸುದ್ದಿಯಿಲ್ಲ. ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು. ಕೆಳಗಿನ ಚರಂಡಿಯ ಗಬ್ಬು ಮೇಲೆ ಬರದಂತೆ ತಡೆಯುವುದು ಆ ನೀರೇ. ಯಾರೂ ಬಳಸದ ಮಹಡಿಯಲ್ಲಿ ಅದು ಆರಿಹೋಗುತ್ತದೆ. ಆರಿತೆಂದರೆ ಇಡೀ ಮಹಡಿ ನಾರುತ್ತದೆ.

ಐದರಿಂದ ಎಂಟೂವರೆಯವರೆಗೆ ನಲ್ಲಿಯಕ್ಕನ ಸುತ್ತು. ಲಿಫ್ಟು ನಾಲ್ಕನೇ ಮಹಡಿಗೇ ನಿಲ್ಲುವುದರಿಂದ ಅಲ್ಲಿಂದ ಮೆಟ್ಟಿಲೇ ಗತಿ. ಹನ್ನೊಂದಕ್ಕೆ ಹತ್ತಿ, ಅಲ್ಲಿಂದ ಒಂದೊಂದೇ ಮಹಡಿ ಇಳಿಯುತ್ತಾ ಬರುತ್ತಾರೆ. ಒಂದು ಮಹಡಿಗೆ ಹತ್ತು ನಲ್ಲಿ, ಹನ್ನೆರಡು ಫ್ಲಶ್, ಎಂಟು ಜಾಲರಿ. ನಲ್ಲಿಯಿಂದ ತುಕ್ಕಿನ ಬಣ್ಣ ಹೋಗಿ ತಿಳಿನೀರು ಬರುವವರೆಗೆ ಬಿಡಬೇಕು. ಜಾಲರಿಗೆ ಒಂದೊಂದು ಮಗ್ಗು. ಇಷ್ಟೆಲ್ಲ ಆದಮೇಲೆ ಕೆಳಗಿನ ಮಹಡಿಗಳನ್ನು ಗುಡಿಸಿ ಒರೆಸುವ ಕೆಲಸ, ಮಧ್ಯಾಹ್ನ ಎರಡರವರೆಗೆ. ವಯಸ್ಸು ಐವತ್ತೊಂದು. ಬಲ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

“ಪ್ಲಂಬರ್ ವಾರಕ್ಕೊಂದ್ಸಲ ಹಾಕಿದ್ರೆ ಧಾರಾಳ ಆಯ್ತು ಅಂದಿದ್ದ. ಅವನೇನೋ ಹೇಳ್ದ, ಹೋದ. ನಾರಿದ್ರೆ ಬೈಸ್ಕೊಳ್ಳೋಳು ನಾನು. ಅದಕ್ಕೇ ದಿನಾ ಹಾಕ್ತೀನಿ.”

ಅನುಮಾನ ಅವರ ಕೆಲಸಕ್ಕಷ್ಟೇ ಸೀಮಿತವಲ್ಲ. ಯಜಮಾನರು ಬಸ್ಸಿನ ಸೀಟು ಹೊಲಿಯುವವರು. ಅವರನ್ನು ಕೇಳಿದರೆ ನಗುತ್ತಾರೆ. “ಮದುವೆ ಆಗಿ ಮೂವತ್ತು ವರ್ಷ ಆಯ್ತು. ಇವತ್ತಿಗೂ ನಾನು ಹೊಲಿದ ದಿಂಬಿನ ಹೊಲಿಗೇನ ಎಳೆದು ನೋಡೇ ತಲೆ ಇಡೋದು. ಬಾಗಿಲಿಗೆ ಚಿಲಕ ಹಾಕ್ದೆ ಕಣೇ ಅಂದ್ರೆ, ಹೂಂ ಅಂತಾಳೆ, ಎದ್ದು ಹೋಗಿ ನೋಡ್ಕೊಂಡು ಬರ್ತಾಳೆ.”

“ಎರಡು ಸಲ ಹಾಕೇ ಇರ್ಲಿಲ್ಲ, ಅದನ್ನೂ ಹೇಳಿ” ಎಂದು ಒಳಗಿನಿಂದ ಉತ್ತರ ಬರುತ್ತದೆ.

ಈ ಸುತ್ತು ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಆಗ ಹೊರದೇಶದ ಒಂದು ಕಂಪನಿಯವರು ಜಾಗ ನೋಡಲು ಬಂದಿದ್ದರು. ಹಿಂದಿನ ದಿನ ಮಹಡಿ ಮಹಡಿಗೂ ಗುಲಾಬಿ ಪರಿಮಳ ಹೊಡೆಸಲಾಗಿತ್ತು. ಮುಚ್ಚಿದ ಗಾಜಿನೊಳಗೆ ಗುಲಾಬಿಯೂ ಚರಂಡಿಯೂ ರಾತ್ರಿಯೆಲ್ಲ ಸಂಸಾರ ಮಾಡಿದವು. ಬಂದವರು ಕಾಲು ಗಂಟೆಯಲ್ಲಿ ಕರವಸ್ತ್ರ ಹಿಡಿದುಕೊಂಡೇ ಕಾರು ಹತ್ತಿದರು. ಕೆಳಗೆ ನೆಲ ಒರೆಸುತ್ತಿದ್ದ ನಲ್ಲಿಯಕ್ಕ ಪ್ಲಂಬರನನ್ನು ಹಿಡಿದು ಕಾರಣ ಕೇಳಿ ತಿಳಿದುಕೊಂಡರು. ಹೋಗಿ ಆಗಿನ ಮ್ಯಾನೇಜರಿಗೆ ಹೇಳಿದರು. “ಏನಾದ್ರೂ ಮಾಡ್ಕೊಳಮ್ಮ” ಎಂದರು ಅವರು. ಅಷ್ಟೇ ಆದೇಶ. ಕಾಗದವಿಲ್ಲ, ಸಹಿಯಿಲ್ಲ. ಆ ಮ್ಯಾನೇಜರ್ ಬೇರೆ ಕಡೆ ಹೋದರು. ಎರಡು ವರ್ಷದ ಹಿಂದೆ ಬಂದ ಹೊಸಬರಿಗೆ ಇದನ್ನು ಯಾರೂ ಹೇಳಲಿಲ್ಲ. ಕಟ್ಟಡ ನಾರಲಿಲ್ಲ, ಹಾಗಾಗಿ ಅವರೂ ಕೇಳಲಿಲ್ಲ.

ಕೇಳುವ ದಿನ ಹೋದ ತಿಂಗಳು ಬಂತು.

ಇನ್ನೊಂದು ಹೊರದೇಶದ ಕಂಪನಿ ಒಮ್ಮೆಗೇ ಮೂರು ಮಹಡಿ ತೆಗೆದುಕೊಳ್ಳುವ ಮಾತಾಡಿತ್ತು. ಆಸ್ಪತ್ರೆಗಳ ರೋಗಿಗಳ ವಿವರಗಳನ್ನು ಕಾಪಾಡಿಡುವ ಕಂಪನಿ ಅದು. ಪರಿಚಯವಿಲ್ಲದ ಒಬ್ಬ ಮನುಷ್ಯ ಕೂಡ ಹತ್ತಿರ ಸುಳಿಯಕೂಡದು ಎನ್ನುವವರು. ಅವರು ಬಾರದಿದ್ದರೆ ಮೇಲಿನ ಏಳೂ ಮಹಡಿಗೆ ಕಾಯಂ ಬೀಗ ಹಾಕಿ, ಸ್ವಚ್ಛತೆಯ ನಾಲ್ವರು ಹೆಂಗಸರನ್ನು ಬಿಡಿಸುವುದೆಂದು ಮಾಲೀಕರು ಮೊದಲೇ ಹೇಳಿಯಾಗಿತ್ತು. ನಾಲ್ವರಲ್ಲಿ ನಲ್ಲಿಯಕ್ಕನೂ ಒಬ್ಬರು.

ಜಾಗ ಪರೀಕ್ಷಿಸಲು ಕಂಪನಿ ಕಳಿಸಿದ್ದು ಒಬ್ಬ ಹೆಂಗಸನ್ನು. ಕತ್ತರಿಸಿದ ಬಿಳಿಕೂದಲು, ಜೇಬಿನಲ್ಲಿ ಪುಟ್ಟ ಟಾರ್ಚು, ಬಾಯಲ್ಲಿ ಮಾತು ಕಡಿಮೆ. ಹುಲ್ಲುಹಾಸು ನೋಡಲಿಲ್ಲ, ಗಾಜು ನೋಡಲಿಲ್ಲ. ನೇರ ಏಳನೇ ಮಹಡಿಗೆ ಹತ್ತಿ ಒಂದು ನಲ್ಲಿ ತಿರುಗಿಸಿದರು. ತಿಳಿನೀರು ಬಂತು. ಜೊತೆಗಿದ್ದ ಮ್ಯಾನೇಜರ್ ಹಿಗ್ಗಿದರು. ಆಕೆಯ ಹುಬ್ಬು ಗಂಟಾಯಿತು. ಜಾಲರಿ ಎತ್ತಿ ನೋಡಿದರು, ಒಳಗೆ ನೀರು. ಹೊರಗೆ ಬಂದು ಗೋಡೆಯ ಕಪಾಟು ತೆಗೆಸಿ ಆ ಮಹಡಿಯ ನೀರಿನ ಮೀಟರಿಗೆ ಟಾರ್ಚು ಹಿಡಿದರು. ಮೀಟರು ಚೆನ್ನಾಗಿಯೇ ಓಡಿತ್ತು.

ಆಕೆ ಕೇಳಿದ್ದು ಒಂದೇ ಪ್ರಶ್ನೆ: ಆರು ವರ್ಷದಿಂದ ಖಾಲಿ ಎಂದಿರಿ, ಹಾಗಾದರೆ ಇಲ್ಲಿ ಇರುವವರು ಯಾರು?

ಮ್ಯಾನೇಜರ್ ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದರು. ಕಂಪನಿ ಮಾತುಕತೆ ನಿಲ್ಲಿಸಿತು. ಅಲ್ಲಿಂದ ಕಟ್ಟಡದಲ್ಲಿ ಒಬ್ಬರ ಮುಖ ಒಬ್ಬರು ಓರೆಗಣ್ಣಲ್ಲಿ ನೋಡತೊಡಗಿದರು. ಕಾವಲಿನವರು ಮೇಲೆ ಯಾರಿಗೋ ಮಲಗಲು ಜಾಗ ಕೊಟ್ಟಿದ್ದಾರೆ ಎಂದರು ಕೆಲವರು. ಕೊನೆಗೆ ಮೇಲಿನ ಬೀಗದ ಕೈ ಯಾರ ಹತ್ತಿರವಿದೆ ಎಂಬಲ್ಲಿಗೆ ಮಾತು ಬಂತು. ಅದು ಇದ್ದದ್ದು ನಲ್ಲಿಯಕ್ಕನ ಹತ್ತಿರ.

“ನಿಜ ಹೇಳಿಬಿಡಮ್ಮ. ಮೇಲೆ ಲಾಂಡ್ರಿ ಗೀಂಡ್ರಿ ಇಟ್ಟಿದೀರಾ?” ಎಂದು ಮ್ಯಾನೇಜರ್ ಕೇಳಿದರು.

“ಇಟ್ಟಿದ್ರೆ ನಿಮ್ಮ ಅಂಗಿ ಕಾಲರ್ ಹೀಗಿರ್ತಿತ್ತಾ ಸಾರ್?” ಎಂದರು ನಲ್ಲಿಯಕ್ಕ.

ಮ್ಯಾನೇಜರ್ ಬೀಗದ ಕೈ ಕಿತ್ತುಕೊಂಡರು. ಮೇಲೆ ಹೋಗಕೂಡದೆಂದರು. ನಲ್ಲಿಯಕ್ಕ ನೀರು ಹಾಕುವ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಯಾರು ನಂಬುತ್ತಾರೆ? ಯಾರೂ ಹೇಳದೆ, ಯಾರೂ ನೋಡದೆ, ಯಾರೂ ಇಲ್ಲದ ಕಡೆ ನಾಲ್ಕು ವರ್ಷ ಒಬ್ಬಳು ದಿನಾ ನೀರು ಸುರಿದಳೆಂದರೆ ಕೇಳಿದವರಿಗೂ ಕಥೆಯೆಂದೇ ತೋರುತ್ತದೆ. ವಾರಕ್ಕೊಮ್ಮೆ ಹಾಕಿದ್ದರೆ ಮೀಟರು ಅಷ್ಟು ಓಡುತ್ತಿರಲಿಲ್ಲ. ಅದು ಅವರಿಗೂ ಹೊಳೆದಿದೆ. “ನನ್ನ ಅನುಮಾನ ನನ್ನ ಕುತ್ತಿಗೆಗೇ ಬಂತು” ಎನ್ನುತ್ತಾರೆ.

ಮ್ಯಾನೇಜರ್ ಬೇರೆ ದಾರಿ ಕಾಣದೆ ಆ ಕಥೆಯನ್ನೇ ಕಂಪನಿಗೆ ಬರೆದು ಕಳಿಸಿದರು. ಮೂರನೇ ದಿನ ಬೆಳಗಿನ ಐದಕ್ಕೆ ಟಾರ್ಚಿನ ಹೆಂಗಸು ಹೇಳದೆ ಕೇಳದೆ ಬಂದು ಗೇಟಿನಲ್ಲಿ ನಿಂತರು. ನಿದ್ದೆಗಣ್ಣಲ್ಲಿ ಓಡಿಬಂದ ಮ್ಯಾನೇಜರೇ ನಡುವೆ ದುಭಾಷಿ. ದಿನಾ ಮಾಡುವ ಹಾಗೆ ಮಾಡಲಿ, ನನ್ನನ್ನು ನೋಡುವುದು ಬೇಡ ಎಂದರು ಆಕೆ.

ನಲ್ಲಿಯಕ್ಕನಿಗೆ ಆ ಅನುವಾದದ ಮೇಲೂ ಗುಮಾನಿ. “ನಾನು ಹತ್ತು ಮಾತಾಡಿದ್ರೆ ಇವರು ಎರಡರಲ್ಲಿ ಮುಗಿಸೋರು. ಉಳಿದ ಎಂಟು ಎಲ್ಲೋಯ್ತು?”

ಇಬ್ಬರು ಅನುಮಾನದ ಹೆಂಗಸರು ಮುಂದೆ ಹಿಂದೆ ಮೆಟ್ಟಿಲು ಹತ್ತಿದರು. ಒಂದು ಮಹಡಿಯ ಕೆಲಸ ಮುಗಿದಾಗ ಎಷ್ಟು ನೀರು ಹೋಯಿತೆಂದು ಆಕೆ ಮೀಟರು ನೋಡಿ, ನಾಲ್ಕು ವರ್ಷದ ದಿನಗಳಿಂದ ಗುಣಿಸಿದರು. ಲೆಕ್ಕ ಹೆಚ್ಚುಕಡಿಮೆ ಕೂಡಿಬಂತು. ಆದರೂ ಮುಖದ ಗಂಟು ಬಿಚ್ಚಲಿಲ್ಲ. ಲೆಕ್ಕವನ್ನು ಯಾರು ಬೇಕಾದರೂ ಹೊಂದಿಸಬಹುದು ಎನ್ನುವ ಜಾತಿ ಆಕೆಯದೂ.

ಐದನೇ ಮಹಡಿಯ ಮೂಲೆಯ ಜಾಲರಿಗೆ ನಲ್ಲಿಯಕ್ಕ ಒಂದು ಮಗ್ಗು ಹಾಕಿದರು, ಸ್ವಲ್ಪ ಕಾದು ಇನ್ನೊಂದು ಹಾಕಿದರು. ಉಳಿದ ಯಾವುದಕ್ಕೂ ಎರಡು ಹಾಕಿರಲಿಲ್ಲ. ಆಕೆ ತಟ್ಟನೆ ಕೈ ಅಡ್ಡ ಹಿಡಿದರು. ಇದಕ್ಕೇಕೆ ಎರಡು?

“ಇದಕ್ಕೆ ಬಾಯಾರಿಕೆ ಜಾಸ್ತಿ. ಬೆಳಗಾಗೋಷ್ಟ್ರಲ್ಲಿ ಒಣಗಿರುತ್ತೆ. ಒಳಗೆಲ್ಲೋ ಸೀಳಿದೆ.”

ಆಕೆ ಮೊಣಕಾಲೂರಿ ಕುಳಿತರು. ಜಾಲರಿ ಎತ್ತಿಸಿ, ಒಳಗಿನ ನೀರು ಬಟ್ಟೆಯಲ್ಲಿ ಹೀರಿಸಿ, ಟಾರ್ಚು ಬಿಟ್ಟರು. ಕೊಳವೆಯ ಬಾಗಿನಲ್ಲಿ ಕೂದಲೆಳೆಯಂಥ ಒಂದು ಬಿರುಕು. ದಿನವೂ ಬಂದು ಮೂಸಿದವರಿಗಲ್ಲದೆ ಬೇರೆ ಯಾರಿಗೂ ತಿಳಿಯಲಾರದ ಬಿರುಕು. ಇದು ಗೊತ್ತಾಗಿ ಎಷ್ಟು ದಿನವಾಯಿತು ಎಂದು ಕೇಳಿದರು.

“ಎರಡು ವರ್ಷ. ರಿಪೇರಿ ಮಾಡ್ಸಿ ಸಾರ್ ಅಂತ ಹೇಳಿದ್ದೆ. ಖಾಲಿ ಮಹಡಿಗೆ ಯಾಕಮ್ಮ ಅಂದ್ರು.”

ಹೇಳಿದ್ದು ಇದೇ ಮ್ಯಾನೇಜರಿಗೆ. ಈ ಒಂದು ಮಾತನ್ನು ಅನುವಾದ ಮಾಡಲು ಅವರಿಗೆ ತುಸು ಹೊತ್ತು ಹಿಡಿಯಿತು. ಟಾರ್ಚಿನ ಹೆಂಗಸು ಮೊದಲು ಅವರ ಮುಖ ನೋಡಿದರು, ಆಮೇಲೆ ನಲ್ಲಿಯಕ್ಕನ ಮುಖ ನೋಡಿದರು. ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡರು. ಇಳಿಯುವಾಗ ಮೆಟ್ಟಿಲಲ್ಲಿ ನಲ್ಲಿಯಕ್ಕನ ಬಕೆಟ್ಟು ಹಿಡಿದದ್ದು ಆಕೆಯೇ. “ಯಾಕೆ ಹಿಡ್ಕೊಂಡ್ರೋ ಏನೋ. ಕೆಳಗೆ ಬಂದ್ಮೇಲೆ ಒಂದ್ಸಲ ಒಳಗೆ ನೋಡ್ದೆ” ಎನ್ನುತ್ತಾರೆ ನಲ್ಲಿಯಕ್ಕ.

ಹತ್ತು ದಿನದಲ್ಲಿ ಕಂಪನಿ ಸಹಿ ಹಾಕಿತು. ಆರು, ಏಳು, ಎಂಟನೇ ಮಹಡಿಗಳು ಅವರದಾದವು. ನಾಲ್ವರು ಹೆಂಗಸರ ಕೆಲಸ ಉಳಿಯಿತು. ಐದನೇ ಮಹಡಿಯ ಕೊಳವೆ ರಿಪೇರಿಯಾಯಿತು. ಬೆಳಗಿನ ಸುತ್ತು ನಲ್ಲಿಯಕ್ಕನ ಅಧಿಕೃತ ಕೆಲಸ ಎಂದು ಮ್ಯಾನೇಜರ್ ಕಾಗದವನ್ನೇ ಕೊಟ್ಟಿದ್ದಾರೆ. ಅದನ್ನು ಅವರು ಮೂವರ ಹತ್ತಿರ ಬೇರೆ ಬೇರೆಯಾಗಿ ಓದಿಸಿ, ಮೂವರೂ ಒಂದೇ ಅರ್ಥ ಹೇಳಿದ ಮೇಲೆ ಟ್ರಂಕಿನಲ್ಲಿಟ್ಟಿದ್ದಾರೆ.

ಕಂಪನಿಯ ಜನ ಬಂದು ಕೂರಲು ಇನ್ನೂ ಆರು ವಾರವಿದೆ. ಆ ಮೂರು ಮಹಡಿ ಇನ್ನು ಅವರ ಪಾಲು, ನೀವು ಬಿಡಬಹುದು ಎಂದು ಮ್ಯಾನೇಜರ್ ಹೇಳಿದ್ದಾರೆ. ಗಂಟೆ ಏಳಾಗುತ್ತಿದೆ. ನಲ್ಲಿಯಕ್ಕ ಏಳನೇ ಮಹಡಿಯಲ್ಲೇ ಇದ್ದಾರೆ.

“ಸಹಿ ಹಾಕಿದಾರೆ, ಸರಿ. ನೀರು ಯಾರು ಹಾಕ್ತಾರೆ?” ಎಂದು ನಲ್ಲಿ ಬಿಡುತ್ತಾರೆ. ಹೊಸ ಜನ ಬಂದ ಮೇಲೆ ನಿಮಗೆ ಏನು ಬೇಕು ಎಂದು ಕೇಳಿದರೆ ಪ್ರಶ್ನೆಯ ಹಿಂದೆ ಏನಿದೆ ಎಂದು ಮೊದಲು ಅಳೆಯುತ್ತಾರೆ. ನೀರು ತಿಳಿಯಾಗುವವರೆಗೆ ನೋಡುತ್ತಾ ನಿಲ್ಲುತ್ತಾರೆ.

“ಏನಿಲ್ಲ. ಇಲ್ಲಿ ಯಾರಾದ್ರೂ ಒಬ್ರು ಕೈ ತೊಳ್ಕೊಂಡು, ನಲ್ಲಿ ಸರಿಯಾಗಿ ಮುಚ್ಚದೆ ಹೋಗ್ಬೇಕು. ನಾನು ಬಂದು ಬೈಕೊಂಡು ಮುಚ್ಚಬೇಕು.”