ದೊಡ್ಡಮ್ಮನ ಕುರಿ

ನೋಡಿಕೊಳ್ಳುತ್ತೇನೆಂದು ಬಂದ ನೆಂಟನೊಬ್ಬ ದೊಡ್ಡಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಬ್ಯಾಂಕಿನ ಹಣ, ಒಡವೆ ಎಲ್ಲವನ್ನೂ ಖಾಲಿ ಮಾಡಿದ್ದ. ಅವರು ತೀರಿಕೊಂಡ ಮೇಲೆ ಉಳಿದದ್ದು ಬಂಡೂರಿನ ಕೆಂಪಮ್ಮನ ಬಳಿ ಪಾಲಿಗೆ ಸಾಕಲು ಬಿಟ್ಟಿದ್ದ ಒಂದು ಕುರಿ ಮಾತ್ರ. ಮರಿಯಿಂದ ದೊಡ್ಡಮ್ಮ ಕೈಯಾರೆ ಮೇಯಿಸಿ ಬೆಳೆಸಿ, ಕೈಲಾಗದಾದಾಗ ಅಲ್ಲಿಗೆ ಕೊಟ್ಟಿದ್ದ ಕುರಿ. ಅದಾದರೂ ನನಗೆ ಬೇಕೆಂದು ಬಂಡೂರಿಗೆ ಹೋದೆ.

“ಆ ನಿಮ್ ನೆಂಟನೂ ಪತ್ರ ಇಡ್ಕಂಡು ಬಂದಿದ್ದ ಕಣಮ್ಮ” ಎಂದರು ಕೆಂಪಮ್ಮ. “ಕುರಿಗೆ ಓದಕ್ಕೆ ಬರಾಕಿಲ್ಲ ಕಣಪ್ಪ, ಕೂಗು, ಬಂದ್ರೆ ಒಡ್ಕಂಡ್ ಓಗು ಅಂದೆ. ಸಂಜೆ ಗಂಟ ಕೂಗ್ದ. ಅದು ತಿರುಗಿ ಕೂಡ ನೋಡ್ನಿಲ್ಲ. ಈಗ ನೀನು ಕೂಗು.”

ಮಂದೆಯಲ್ಲಿ ಎಲ್ಲವೂ ಒಂದೇ ಥರ ಕಂಡವು. ಹಾಜರಿ ಕರೆಯುವ ದನಿಯಲ್ಲಿ “ಬಾ, ಬಾ” ಎಂದೆ. ಒಂದೂ ತಲೆ ಎತ್ತಲಿಲ್ಲ.

“ಇದೇನು ಇಸ್ಕೂಲಾ? ಬಾಯ್ತುಂಬ ಕೂಗವ್ವಾ!”

ರಜೆಯಲ್ಲಿ ದೊಡ್ಡಮ್ಮ ನನ್ನನ್ನು ಊಟಕ್ಕೆ ಕರೆಯುತ್ತಿದ್ದ ರೀತಿ ನೆನಪಾಯಿತು. “ಬಾರೇ ನನ್ನವ್ವಾ, ಉಣ್ಣೀವಂತೆ!” ಎಂದು ಹಾಗೆಯೇ ಕೂಗಿದೆ. ಮಂದೆಯೊಳಗಿಂದ ಒಂದು ಕುರಿ ಓಡಿ ಬಂದು ನನ್ನ ಸೀರೆಗೆ ಮೂತಿ ಉಜ್ಜಿತು.

“ಇದೇ ಕಣಮ್ಮ, ಒಡ್ಕಂಡ್ ಓಗು” ಎಂದು ಕೆಂಪಮ್ಮ ನಕ್ಕರು. ಕಣ್ಣೊರೆಸಿಕೊಂಡು ನಾನೂ ನಕ್ಕೆ. ಆ ಕೂಗು ನನಗೊಬ್ಬಳಿಗೇ ಮೀಸಲೆಂದು ಇಷ್ಟು ವರ್ಷ ನಂಬಿದ್ದೆ.