ಒಂದನ್ನು ಮಾತ್ರ ಬದಲಿಸಿ

ತೊಂಬತ್ತರ ದಶಕದಲ್ಲಿ ನಾವು ಕೆ.ಆರ್. ಪೇಟೆಯ ಬಾಡಿಗೆ ಮನೆಯಲ್ಲಿದ್ದಾಗ ಅಡುಗೆಮನೆಯ ಕಿಟಕಿಯಲ್ಲಿ ಯಾವಾಗಲೂ ಒಂದು ತೆಂಗಿನ ಚಿಪ್ಪಿನಲ್ಲಿ ಹುರುಳಿ ಮೊಳೆಯುತ್ತಿರುತ್ತಿತ್ತು; ಅದರ ಜೋಡಿ ಚಿಪ್ಪು ಸಾರಿನಪುಡಿ ಡಬ್ಬದ ಹಿಂದೆ, ಕಪಾಟಿನ ಕತ್ತಲಲ್ಲಿ ಅಡಗಿರುತ್ತಿತ್ತು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅದೇ ಕಾಳು, ಅದೇ ಮಣ್ಣು, ಅಷ್ಟೇ ನೀರು, ಬೆಳಕೊಂದು ಮಾತ್ರ ಬೇರೆ ಎಂಬುದು ಅವಳ ಪಾಠ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತಿದ್ದ ನನಗೆ ಅದು ಮಕ್ಕಳಾಟವಾಗಿ ಕಾಣುತ್ತಿತ್ತು. ಮನುಷ್ಯರೇನು ಹುರುಳಿಕಾಳೇ ಸ್ವಾಮಿ, ಚಿಪ್ಪಿನಲ್ಲಿಟ್ಟು ನೋಡುವುದಕ್ಕೆ?

ಆಗ ಹೊಸಹೊಳಲಿನಾಚೆಯ ಹಳ್ಳಿಯೊಂದರಲ್ಲಿ ಹೆಂಗಸರಿಗಾಗಿ ನಡೆಯುತ್ತಿದ್ದ ಸಂಜೆಯ ಅಕ್ಷರ ತರಗತಿ ಖಾಲಿ ಹೊಡೆಯತೊಡಗಿತು. ಮುಚ್ಚಬೇಕೋ ಬೇಡವೋ ನೋಡಿ ಹೇಳಿ ಎಂದು ಅದನ್ನು ನಡೆಸುವವರು ನನ್ನನ್ನು ಕಳಿಸಿದರು. ತರಗತಿ ನಡೆಯುವ ರಾಮಮಂದಿರದ ಜಗಲಿಯಲ್ಲೇ ಚೌಕಾಬಾರ ಆಡುತ್ತಿದ್ದ ಹಿರಿಯರು, "ನಮ್ ಎಂಗುಸ್ರಿಗೆ ಓದೋ ಉಸಾಬರಿ ಬ್ಯಾಡ ಬುಡಿ ಸಾ" ಎಂದರು. "ಆಸಕ್ತಿಯ ಅಭಾವ" ಎಂಬ ಗಂಭೀರ ಪದ ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತು.

ಹೆಂಡತಿ ಒಪ್ಪಬೇಕಲ್ಲ! "ಮೊದ್ಲು ಆ ಊರ್ ಸ್ಕೂಲ್ನಲ್ಲಿ ನಡೀವಾಗ ತುಂಬ್ತಿತ್ತು ಅಂತೀರಿ. ಆಮೇಲೆ ಜಾಗ ಬದ್ಲಾಯ್ತು, ಹೊತ್ತು ಬದ್ಲಾಯ್ತು, ಮೇಡಮ್ಮೂ ಬದ್ಲಾದ್ರು. ಎಲ್ಲಾನೂ ಒಟ್ಗೆ ಕಲಕ್ಬುಟ್ಟು ಆಸಕ್ತಿ ಇಲ್ಲ ಅಂದ್ರೆ ಎಂಗ್ರೀ? ಒಂದನ್ನ ಮಾತ್ರ ಬದಲ್ಸಿ ನೋಡಿ."

ಶಾಲೆಯ ಸೂರು ಇನ್ನೂ ರಿಪೇರಿಯಲ್ಲಿತ್ತು. ಹೊತ್ತನ್ನೂ ಮೇಡಮ್ಮನ್ನೂ ಹಾಗೆಯೇ ಬಿಟ್ಟು, ತರಗತಿಯನ್ನು ಹಾಲಿನ ಡೈರಿಯ ಕೋಣೆಗೆ ಸಾಗಿಸಿದೆವು. ವಾರದೊಳಗೆ ಕೋಣೆ ತುಂಬಿತು. ಮಾವಂದಿರು ಕುಳಿತ ಕಡೆ ಸೊಸೆಯರು ಕೂರುವಂತಿಲ್ಲ ಎಂಬ ಪದ್ಧತಿ ಆಮೇಲೆ ಆ ಹೆಂಗಸರ ಮಾತಿನಿಂದ ತಿಳಿಯಿತು. ಅಲ್ಲಿಯವರೆಗೆ ಅದನ್ನು ಆ ಊರಲ್ಲಿ ಯಾರೂ ನನಗೆ ಹೇಳಿರಲಿಲ್ಲ; ಅದು ಹೇಳಬೇಕಾದ ಸಂಗತಿಯೆಂದೇ ಅವರಿಗೆ ಅನಿಸಿರಲಿಲ್ಲ. ನಾನು ಜಗಲಿಯಲ್ಲಿ ವಿಚಾರಿಸಿದ್ದೂ ಆ ಮಾವಂದಿರನ್ನೇ. ಮೊದಲು ಹೊಳೆದ ಕಾರಣವನ್ನು ಅನುಮಾನಿಸುವ ಈ ವಿಜ್ಞಾನಿಗಳ ಚಾಳಿ ನಮ್ಮ ಶಾಸ್ತ್ರಕ್ಕೂ ಅಂಟಿಕೊಂಡರೆ ಎಷ್ಟು ಚೆನ್ನ ಎಂದು ಖುಷಿಯಾಯಿತು.

ಖುಷಿ ಹುಚ್ಚಿಗೆ ತಿರುಗಿತು. ಕಾರಣ ಖಚಿತವಾಗಬೇಕಾದರೆ ತರಗತಿಯನ್ನು ಮತ್ತೆ ರಾಮಮಂದಿರಕ್ಕೇ ಒಯ್ದು, ಖಾಲಿಯಾಗುತ್ತದೆಯೇ ನೋಡಬೇಕಲ್ಲವೆ? ಡೈರಿಗೆ ಹೋಗಿ ಅದನ್ನೂ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಜಯಮ್ಮ ಎಂಬ ಸೊಸೆ ಸ್ಲೇಟನ್ನು ಎದೆಗವುಚಿಕೊಂಡು ಎದ್ದು ನಿಂತಳು.

"ಅಂಗ್ ಮಾಡ್ಬೇಡಿ ಸಾ. ಅಲ್ಲಾದ್ರೆ ನಾನು ಬರಂಗಿಲ್ಲ. ನನ್ನೆಸ್ರು ಇನ್ನೂ ಅರ್ಧ ಆಗೈತೆ."

ನನಗೆ ನಾಚಿಕೆಯಾಯಿತು. ಕಾರಣ ಪೂರ್ತಿ ಸಾಬೀತಾಗಿಲ್ಲವೆಂದು ವರದಿಯಲ್ಲಿ ಒಪ್ಪಿಕೊಂಡು, ತರಗತಿ ಡೈರಿಯಲ್ಲೇ ನಡೆಯಲಿ ಎಂದು ಬರೆದೆ. ಮುಂದಿನ ಸಲ ಹೋದಾಗ ಜಯಮ್ಮ ಸ್ಲೇಟನ್ನು ನನ್ನ ಕಡೆಗೆ ತಿರುಗಿಸಿ ಹಿಡಿದಳು. ಹೆಸರು ಪೂರ್ತಿಯಾಗಿತ್ತು.