ತೊಲೆಯ ಮೇಲಿನ ಹಿಟ್ಟು

ಕಡಲೆಹಿಟ್ಟು ಸ್ಫೋಟಿಸುತ್ತದೆ. ಬಜ್ಜಿ ಕರಿಯುವ ಮನೆಗಳಲ್ಲಿ ಯಾರೂ ನಂಬದ ಮಾತಿದು, ನಾನೂ ನಂಬಿರಲಿಲ್ಲ. ಮುಚ್ಚಿದ ಕಟ್ಟಡದಲ್ಲಿ ನುಣ್ಣನೆಯ ಹಿಟ್ಟು ದಟ್ಟವಾಗಿ ಗಾಳಿಗೇರಿದಾಗ ಒಂದು ಕಿಡಿ ಸಾಕು. ಮೊದಲ ಸ್ಫೋಟ ಸಾಮಾನ್ಯವಾಗಿ ಚಿಕ್ಕದು. ಅದು ತೊಲೆಗಳ ಮೇಲೆ ಕೂತ ಹಿಟ್ಟನ್ನೆಲ್ಲ ಅಲುಗಿಸಿ ಕೆಡವುತ್ತದೆ. ಕಟ್ಟಡ ಹಾರುವುದು ಎರಡನೆಯದರಲ್ಲಿ.

ಮಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಹಲವು ವರ್ಷ ದುಡಿದು ಕೆನಡಾಕ್ಕೆ ಬಂದ ನನಗೆ ಬರ್ಲಿಂಗ್ಟನ್ನಿನ ಒಂದು ಸಣ್ಣ ಸುರಕ್ಷತಾ ಸಂಸ್ಥೆಯಲ್ಲಿ ವರದಿ ಬರೆಯುವ ಕೆಲಸ ಸಿಕ್ಕಿತ್ತು. ಎಂಜಿನಿಯರ್ ಕಾರ್ಖಾನೆ ನೋಡುತ್ತಾರೆ, ನಾನು ದಾಖಲಿಸುತ್ತೇನೆ. ಕೋವಿಡ್ ಬಂದ ಮೇಲೆ ಕಾರ್ಖಾನೆಗಳು ಹೊರಗಿನವರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದವು. ಸ್ಫೋಟದ ನಿಯಮಗಳಿಗೆ ಮಾತ್ರ ರಿಯಾಯಿತಿ ಇರಲಿಲ್ಲ. ಹಾಗಾಗಿ ನಾವು ನಮ್ಮ ನಮ್ಮ ಮನೆಯಲ್ಲಿ ಕೂತು, ಕೆಲಸಗಾರರೊಬ್ಬರು ಹಿಡಿದ ಫೋನಿನ ಮೂಲಕ ಕಾರ್ಖಾನೆ ನೋಡತೊಡಗಿದೆವು.

ಸಾಧಾರಣ ಫೋನೇ ಕಿಡಿಯಾಗಬಹುದು. ಆದ್ದರಿಂದ ಯಂತ್ರ ನಿಲ್ಲಿಸಿ, ಹಿಟ್ಟು ತೆಗೆದು, ಆಮೇಲಷ್ಟೇ ಫೋನು ಒಳಗೆ ಹೋಗಬೇಕು. ಅಂದರೆ ಅಪಾಯವನ್ನು ಬದಿಗೆ ಸರಿಸಿದ ಮೇಲೆ ಅಪಾಯ ಇದೆಯೇ ಎಂದು ನಾವು ನೋಡುತ್ತಿದ್ದೆವು. ಇದನ್ನು ನಾನು ಒಮ್ಮೆ ಮೀಟಿಂಗಿನಲ್ಲಿ ಹೇಳಿದೆ. ಯಾರೂ ಅಲ್ಲಗಳೆಯಲಿಲ್ಲ, ಮುಂದಿನ ವಿಷಯಕ್ಕೆ ಹೋದರು.

ಮಾಲ್ಟನ್ ಕಡೆಯ ಒಂದು ಬೇಳೆ ಹಿಟ್ಟಿನ ಮಿಲ್ಲಿನಲ್ಲಿ ಫೋನು ಹಿಡಿದವನು ಯಂತ್ರ ನಡೆಸುವ ಕೆಲಸಗಾರ. ಹಿಂದಿನ ದಿನ ಫೋನು ಸರಿಯಿದೆಯೇ ಎಂದು ನೋಡಲು ನಾವಿಬ್ಬರೇ ಮಾತಾಡಿದ್ದೆವು. ನನ್ನ ಇಂಗ್ಲಿಷ್ ಕೇಳಿಯೇ ಅವನಿಗೆ ಗೊತ್ತಾಯಿತು.

“ಅಕ್ಕ, ನೀವು ನಮ್ಮ ಕಡೆಯವರಾ? ಊರೆಲ್ಲಿ?”

ಮಂಗಳೂರು ಎಂದೆ. ಅವನು ಉಡುಪಿಯವನು, ಮನೆಮಾತು ತುಳು. ಅವನ ವರ್ಕ್ ಪರ್ಮಿಟ್ ಈ ಮಿಲ್ಲಿಗೆ ಮಾತ್ರ ಸೇರಿದ್ದು, ಇಲ್ಲೇ ಕಾಯಂ ನೆಲೆಸಲು ಹಾಕುವ ಪಿಆರ್ ಅರ್ಜಿಗೆ ಮಿಲ್ಲಿನವರೇ ಪತ್ರ ಕೊಡಬೇಕು. “ಕೊಡ್ತೇನೆ ಅಂತ ಮ್ಯಾನೇಜರ್ ಹೇಳಿದ್ದಾರೆ. ಬಾಯಲ್ಲಿ ಉಂಟು, ಕೈಯಲ್ಲಿ ಇಲ್ಲ,” ಎಂದು ನಕ್ಕ.

ಮರುದಿನ ತೆರೆಯ ಮೇಲೆ ನೆಲ ಫಳಫಳ ಹೊಳೆಯುತ್ತಿತ್ತು. ನಮ್ಮ ಎಂಜಿನಿಯರ್ ಮೆಚ್ಚಿದರು. ಮಿಲ್ಲಿನ ಮ್ಯಾನೇಜರ್ ಕೂಡ ತಮ್ಮ ಕೋಣೆಯಿಂದ ಅದೇ ಕರೆಯಲ್ಲಿದ್ದರು. ಇಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದೆ: “ಇಷ್ಟು ಕ್ಲೀನ್ ಯಾರು ಮಾಡಿದ್ದು?”

“ನಾವೇ ಅಕ್ಕ. ಮನೆಗೆ ನೆಂಟರು ಬರುವಾಗ ಗುಡಿಸುದಿಲ್ವಾ? ಬೆಳಿಗ್ಗೆ ಕಂಪ್ರೆಸರಿನ ಪೈಪ್ ಹಿಡಿದು ಫುಲ್ ಊದಿದೆವು. ಮ್ಯಾನೇಜರ್ ಹೇಳಿದ್ದು.”

ಹಿಟ್ಟಿನ ಕಾರ್ಖಾನೆಯಲ್ಲಿ ಮಾಡಲೇಬಾರದ ಕೆಲಸ ಅದು. ಊದಿದ ಹಿಟ್ಟು ಮಾಯವಾಗುವುದಿಲ್ಲ.

“ಅದೆಲ್ಲ ಎಲ್ಲಿ ಹೋಯ್ತು?”

“ಮೇಲೆ.”

“ತೋರಿಸ್ಲಿಕ್ಕೆ ಆಗ್ತದಾ?”

ಏನು ಮಾತು ಎಂದು ಮ್ಯಾನೇಜರ್ ಕೇಳಿದರು. “ಮೇಡಂ ಮಾಲ್ಟನ್ನಿನಲ್ಲಿ ಬಂಗುಡೆ ಮೀನು ಎಲ್ಲಿ ಸಿಗ್ತದೆ ಕೇಳ್ತಿದ್ದಾರೆ,” ಎಂದು ಅವನು ಇಂಗ್ಲಿಷಿನಲ್ಲಿ ಹೇಳಿ ಏಣಿ ಹತ್ತಿದ. ತೊಲೆಯ ಮೇಲೆ ಬೆರಳು ಎಳೆದ. ಬೆರಳಿನ ಮೊದಲ ಗೆಣ್ಣು ಹಿಟ್ಟಿನಲ್ಲಿ ಮುಳುಗಿತು. ಎಂಜಿನಿಯರ್ ತೆರೆಯ ಚಿತ್ರ ತೆಗೆದುಕೊಂಡರು.

ವರದಿ ಬರೆದವಳು ನಾನು. ಸುದ್ದಿಮನೆಯಲ್ಲಿ ಕಲಿತದ್ದು, ಯಾವ ಮಾತಿಗೂ ಹೇಳಿದವರು ಯಾರು ಎಂದು ಬರೆಯಬೇಕು. ಬರೆದೆ: ಮ್ಯಾನೇಜರ್ ಸೂಚನೆಯಂತೆ ಗಾಳಿ ಊದಿ ಸ್ವಚ್ಛ ಮಾಡಿದ್ದಾಗಿ ಕ್ಯಾಮೆರಾ ಹಿಡಿದಿದ್ದ ಕೆಲಸಗಾರ ತಿಳಿಸಿದರು. ನಮ್ಮ ಕೋರಿಕೆಯ ಮೇರೆಗೆ ಏಣಿ ಹತ್ತಿ ತೊಲೆಯ ಮೇಲಿನ ಹಿಟ್ಟನ್ನು ತೋರಿಸಿದರು. ಹೆಸರು ಹಾಕಲಿಲ್ಲ. ಹೆಸರು ಬಿಟ್ಟರೆ ಆಯಿತು ಎಂದುಕೊಂಡೆ. ಒಂದು ವರ್ಷದ ಅನುಭವವಿದ್ದ ವರದಿಗಾರನೂ ಮಾಡದ ತಪ್ಪು.

ಮಿಲ್ಲು ಸುಧಾರಿಸಿತು. ಹಿಟ್ಟಿಗೆ ತಕ್ಕ ವ್ಯಾಕ್ಯೂಮ್ ಬಂತು, ತೊಲೆಗಳ ಮೇಲೆ ಹಿಟ್ಟು ನಿಲ್ಲದಂತೆ ಇಳಿಜಾರಿನ ತಗಡು ಹೊದಿಸಿದರು, ಸ್ಫೋಟದ ಒತ್ತಡ ಹೊರಗೆ ಹೋಗಲು ಗೋಡೆಯಲ್ಲಿ ದಾರಿ ಮಾಡಿದರು. ಅವನನ್ನು ಯಂತ್ರದಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಆಮೇಲೆ ವಾರಕ್ಕೆ ಎರಡೇ ಶಿಫ್ಟು. ಪತ್ರದ ಮಾತು ನಿಂತಿತು.

ಅವನು ಫೋನು ಮಾಡಿದ. “ಅಕ್ಕ, ನನ್ನ ಹೆಸರು ಬರೆದಿದ್ದೀರಾ?”

“ಇಲ್ಲ.”

“ಹೆಸರು ಎಂತಕ್ಕೆ? ಫೋನು ಹಿಡಿದವ ನಾನೊಬ್ಬನೇ ಅಲ್ವಾ.”

ಆ ಎರಡು ವಾಕ್ಯ ತೆಗೆಯಲೇಬೇಕೆಂದು ಆಫೀಸಿನಲ್ಲಿ ಹಟ ಹಿಡಿದೆ. ಪರಿಷ್ಕೃತ ವರದಿ ಹೊರಟಿತು: ತೊಲೆಯ ಮೇಲೆ ಹಿಟ್ಟು ಕಂಡುಬಂದಿದೆ. ಯಾರು ತೋರಿಸಿದ್ದು ಎಂದಿಲ್ಲ. ಮೊದಲ ಪ್ರತಿಯನ್ನು ಹಿಂದಕ್ಕೆ ಪಡೆದು ರದ್ದು ಮಾಡಿದರು. ಮ್ಯಾನೇಜರ್ ಅದನ್ನು ಓದಿ ಮುಗಿಸಿ ಆಗಲೇ ಕೆಲವು ತಿಂಗಳಾಗಿತ್ತು.

ಸುರಕ್ಷತೆಯ ವಿಷಯ ಎತ್ತಿದ್ದಕ್ಕೆ ಕೆಲಸಗಾರನನ್ನು ಶಿಕ್ಷಿಸುವಂತಿಲ್ಲ ಎಂದು ಇಲ್ಲಿ ಕಾನೂನಿದೆ. ದೂರು ಕೊಡು ಎಂದವಳೂ ನಾನೇ. ಅವನು ಯಾರನ್ನೋ ವಿಚಾರಿಸಿ ಮತ್ತೆ ಕರೆ ಮಾಡಿದ.

“ನಾನು ತೋರಿಸಿದ್ದಕ್ಕೆ ಪ್ರೂಫ್ ಬೇಕಂತೆ. ನಿಮ್ಮ ರಿಪೋರ್ಟಲ್ಲಿ ಉಂಟಲ್ಲ, ಅದನ್ನು ಕೊಡಿ.”

ಈಗ ಇಲ್ಲ ಎಂದೆ. ಏಕೆ ಇಲ್ಲ ಎಂದೂ ಹೇಳಿದೆ.

“ಹಾಗಾದರೆ ನಾನು ಏಣಿ ಹತ್ತಲೇ ಇಲ್ಲ ಅಂತಾಯ್ತು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವೊಂದು ಲೆಟರ್ ಬರೆದು ಕೊಡ್ತೀರಾ? ನೋಡಿದ್ದನ್ನು ಬರೆದರೆ ಸಾಕು.”

ನೋಡಿದ್ದನ್ನು ಬರೆಯುವುದೇ ನನ್ನ ಕಸುಬು. ಗ್ರಾಹಕರ ವಿಷಯ ಹೊರಗೆ ಹೇಳಬಾರದೆಂದು ನಾನು ಸಹಿ ಹಾಕಿದ ಕರಾರನ್ನು ಆಫೀಸಿನವರು ನೆನಪಿಸಿದರು. ಬರೆದರೆ ಕೆಲಸ ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಕೇಳಿ ಹೇಳುತ್ತೇನೆ ಎಂದು ಅವನಿಗೆ ಎರಡು ವಾರ ಹೇಳಿದೆ. ಮೂರನೆಯ ವಾರ ಅವನು ಕರೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಪರ್ಮಿಟ್ ಮುಗಿದ ಮೇಲೆ ಊರಿಗೆ ಹೋದನೆಂದು ಅವನ ಜೊತೆ ಬಾಡಿಗೆ ಬೇಸ್‌ಮೆಂಟಿನಲ್ಲಿದ್ದವರೊಬ್ಬರಿಂದ ತಿಳಿಯಿತು.

ನಿರ್ಬಂಧ ತೆರವಾದ ಮೇಲೆ ಎಂಜಿನಿಯರ್ ಜೊತೆ ಆ ಮಿಲ್ಲಿಗೆ ಖುದ್ದಾಗಿ ಹೋದೆ. ಮ್ಯಾನೇಜರ್ ಚಹಾ ತರಿಸಿದರು. ಎಂಜಿನಿಯರ್ ಏಣಿ ಹತ್ತಿ, ತಗಡಿನ ಮೇಲೆ ಕೈಯಾಡಿಸಿ, ಸ್ವಚ್ಛವಾಗಿದೆ ಎಂದರು. ಹಾಗೆಂದೇ ಬರೆದುಕೊಂಡೆ. ಅದು ನಿಜವೂ ಆಗಿತ್ತು. ಅಲ್ಲಿ ದುಡಿಯುವವರು ಈಗ ಮೊದಲಿಗಿಂತ ಸುರಕ್ಷಿತರು. ಅದಕ್ಕೆ ಕಾರಣನಾದವನ ಬಗ್ಗೆ ಒಂದು ಪುಟ ಬರೆಯಲು ನನಗೆ ಆಗ ಧೈರ್ಯವಿರಲಿಲ್ಲ. ಈಗ ಬರೆದಿದ್ದೇನೆ, ಅವನಿಗೆ ಇದರಿಂದ ಏನೂ ಉಪಯೋಗವಿಲ್ಲದ ಹೊತ್ತಿನಲ್ಲಿ.